ಬಾಗಿಲ ಪಕ್ಕದ ಕುರ್ಚಿ

ಮಾನ್ಯ ಸಂಪಾದಕರೇ,

ಹೊಸ ವಿದ್ಯಾರ್ಥಿಗಳು ಕಾಲೇಜಿಗೆ ಬರುವ ಹೊತ್ತಿದು. ಕ್ರೈಸ್ತ ವಿದ್ಯಾರ್ಥಿ ಕೂಟ ನಡೆಸುವ ಗೆಳೆಯರಿಗೆ ಒಂದು ಮಾತು ಹೇಳಬೇಕು ಅನ್ನಿಸಿದೆ.

ಮೊದಲ ವರ್ಷ ಕೂಟಕ್ಕೆ ಹೋದಾಗ ಬಾಗಿಲ ಪಕ್ಕದ ಕುರ್ಚಿ ಹಿಡಿದಿದ್ದೆ. ಬೇಗ ಎದ್ದು ಹೋಗಬಹುದಲ್ವಾ, ಅದಕ್ಕೆ. ಅವತ್ತೇ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿ, 'ನಿನ್ನ ಸಾಕ್ಷಿ ಹೇಳು' ಅಂದರು, ಅಂದರೆ ದೇವರು ನನ್ನ ಬದುಕಲ್ಲಿ ಏನು ಮಾಡಿದ್ದಾನೆಂದು ಹೇಳಬೇಕು. ಗಂಟಲು ಕಟ್ಟಿತು. ಅವರ ಮನಸ್ಸು ಒಳ್ಳೆಯದೇ. ಆದರೂ ಮೂರು ವಾರ ನಾನು ಆ ಕಡೆ ತಲೆ ಹಾಕಲಿಲ್ಲ.

ಮತ್ತೆ ಕರೆತಂದದ್ದು ಕೊನೆಯ ವರ್ಷದ ಒಬ್ಬ ಅಕ್ಕ. ಯಾಕೆ ಬರಲಿಲ್ಲ ಎಂದು ಕೇಳಲೇ ಇಲ್ಲ. 'ಹಾಡಿನ ಪುಸ್ತಕ ಹಂಚೋಕೆ ಒಬ್ಬರು ಬೇಕು, ಬರ್ತೀಯಾ?' ಎಂದರು, ಅಷ್ಟೆ. ಕೈಗೊಂದು ಕೆಲಸ ಸಿಕ್ಕಿತು. ಜಾಸ್ತಿ ಮಾತಾಡಬೇಕಿರಲಿಲ್ಲ. ಪುಸ್ತಕ ಕೊಡುತ್ತಾ ಕೊಡುತ್ತಾ ಒಬ್ಬೊಬ್ಬರ ಹೆಸರೂ ಗೊತ್ತಾಯಿತು. ನಾನು ಬಾಯಿ ಬಿಟ್ಟು ಪ್ರಾರ್ಥಿಸಿದ್ದು ಐದು ತಿಂಗಳ ನಂತರ. ಅಲ್ಲಿಯವರೆಗೂ ಅಕ್ಕ ಪಕ್ಕದಲ್ಲಿ ಸುಮ್ನೆ ಕೂತಿರುತ್ತಿದ್ದರು.

ಬೈಬಲಿನ ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯದಲ್ಲಿ, ಮೊದಲು ಯೇಸುವಿನ ಶಿಷ್ಯರನ್ನು ಹಿಂಸಿಸುತ್ತಿದ್ದ ಸೌಲನು ಮನಸ್ಸು ಬದಲಾಗಿ ಯೆರೂಸಲೇಮಿಗೆ ಬಂದಾಗ ಶಿಷ್ಯರೆಲ್ಲ ಹೆದರಿದರು. ಅವನನ್ನು ಜೊತೆಗೆ ಕರೆದೊಯ್ದು, ಅವನ ಪರವಾಗಿ ಮಾತಾಡಿದವನು ಶಿಷ್ಯರಲ್ಲೇ ಒಬ್ಬನಾದ ಬಾರ್ನಬ. ಓದಿದಾಗಲೆಲ್ಲ ಆ ಅಕ್ಕ ನೆನಪಾಗುತ್ತಾರೆ.

ಹಾಡು, ಆಟ, ಪರಿಚಯ ಎಲ್ಲ ಇರಲಿ. 'ಇವತ್ತು ಬರೀ ಕೇಳ್ತೀನಿ' ಎನ್ನುವವರಿಗೂ ಜಾಗ ಇರಲಿ. ಮಾತು ಕಡಿಮೆ ಇದ್ದರೆ ನಂಬಿಕೆಯೂ ಕಡಿಮೆ ಎಂದು ದಯವಿಟ್ಟು ಅಳೆಯಬೇಡಿ.

ಈ ವರ್ಷ ಪುಸ್ತಕ ಹಂಚುವ ಕೆಲಸ ನಾನು ಬಿಟ್ಟುಕೊಡುತ್ತಿದ್ದೇನೆ. ಬಾಗಿಲ ಪಕ್ಕ ಯಾರು ಕೂರುತ್ತಾರೋ ಅವರನ್ನು ಕೇಳಬೇಕು.

– ಕೊನೆಯ ವರ್ಷದ ವಿದ್ಯಾರ್ಥಿನಿ