ತಿಕ್ಕಲು ದೊರೆಯ ಪೋಲಿ ನಾಟಕ

ಪ್ರೀತಿಯ ತಂಗಿ,

ನಿನ್ನ ಕಾದಂಬರಿಯ ಮೊದಲ ಆರು ಅಧ್ಯಾಯ ಎರಡು ಸಲ ಓದಿದೆ. ಬೆಟ್ಟದ ಆಚೆಗಿನ ಆ ಸೀಮೆ, ಉಪ್ಪುಕಲ್ಲಿನ ಕೋಟೆ, ಹಗಲು ಮಲಗಿ ರಾತ್ರಿ ಏಳುವ ದೊರೆ, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ನಿನ್ನ ಕೈಯಲ್ಲಿ ಕಸುವಿದೆ. ಅದಕ್ಕೇ ಇಷ್ಟು ಉದ್ದದ ಪತ್ರ.

ನನಗೆ ಒಂದೇ ಕಡೆ ಎಡವಿದ ಹಾಗಾಯಿತು. ನಿನ್ನ ದೊರೆ ತಿಕ್ಕಲು ಅಂತ ತೋರಿಸೋದಕ್ಕೆ ಎರಡು ಬಣ್ಣದ ಜೋಡು ಹಾಕಿಸಿದ್ದೀಯ, ಹೆಗಲ ಮೇಲೆ ಮುಂಗುಸಿ ಕೂರಿಸಿದ್ದೀಯ, ಊಟಕ್ಕೆ ಮೊದಲು ವೀಳ್ಯ ಹಾಕಿಸಿದ್ದೀಯ. ಅವನು ಪೋಲಿ ನಾಟಕ ಬರೆಯುತ್ತಾನೆ ಅಂತ ಹನ್ನೊಂದು ಕಡೆ ಹೇಳಿದ್ದೀಯ. ನಾನು ಎಣಿಸಿದೆ. ಆದರೆ ಆ ನಾಟಕದ ಒಂದೇ ಒಂದು ಮಾತು ನನ್ನ ಕಿವಿಗೆ ಬೀಳಲಿಲ್ಲ. ಆಸ್ಥಾನದವರೆಲ್ಲ ಬಿದ್ದು ಬಿದ್ದು ನಕ್ಕರು ಅಂತೀಯ. ಯಾವುದಕ್ಕೆ ನಕ್ಕರು? ಅದನ್ನು ನೀನು ಬರೆಯಲೇಬೇಕು. ಅವನ ನಾಟಕವನ್ನು ಅವನ ಪರವಾಗಿ ನೀನೇ ಬರೆಯಬೇಕು. ಜೋಡು, ಮುಂಗುಸಿ ಬೇಕಾದರೆ ಇರಲಿ. ಮನುಷ್ಯನ ತಲೆಯೊಳಗೆ ಏನಿದೆ ಅನ್ನೋದು ಅವನು ಬರೆದ ಮಾತಿನಲ್ಲಿ ಗೊತ್ತಾಗುತ್ತೆ.

ಇಂಥ ದೊರೆ ನಿಜವಾಗಿ ಇದ್ದ. ಕಂಚಿಯ ಪಲ್ಲವ ರಾಜ ಮಹೇಂದ್ರವರ್ಮ, 7ನೇ ಶತಮಾನದ ಮೊದಲ ಭಾಗದವನು. ಅವನಿಗಿದ್ದ ಬಿರುದುಗಳಲ್ಲಿ ಒಂದು 'ವಿಚಿತ್ರಚಿತ್ತ'. ಮಂಡಗಪಟ್ಟಿನಲ್ಲಿ ಬಂಡೆ ಕೊರೆದು ಗುಡಿ ಮಾಡಿಸಿ, ಇಟ್ಟಿಗೆ ಇಲ್ಲದೆ, ಮರ ಇಲ್ಲದೆ, ಲೋಹ ಇಲ್ಲದೆ, ಗಾರೆ ಇಲ್ಲದೆ ವಿಚಿತ್ರಚಿತ್ತ ಇದನ್ನು ಮಾಡಿಸಿದ ಅಂತ ಅಲ್ಲೇ ಕೆತ್ತಿಸಿದ. ಇನ್ನೊಂದು ಬಿರುದು 'ಮತ್ತವಿಲಾಸ'. ಅದನ್ನೇ ತಾನು ಸಂಸ್ಕೃತದಲ್ಲಿ ಬರೆದ ಪ್ರಹಸನಕ್ಕೂ, ಅಂದರೆ ನಗೆನಾಟಕಕ್ಕೂ, ಹೆಸರಾಗಿ ಇಟ್ಟ. ಕುಡುಕರ ಆಟ ಅಂತಿಟ್ಟುಕೋ.

ಕಥೆ ಇಷ್ಟೇ. ಒಬ್ಬ ಕಾಪಾಲಿಕ, ಅಂದರೆ ತಲೆಬುರುಡೆಯನ್ನೇ ಭಿಕ್ಷಾಪಾತ್ರೆ ಮಾಡಿಕೊಂಡ ಶೈವ ಸನ್ಯಾಸಿ, ಜೊತೆಗೆ ಅವನ ಹೆಣ್ಣು. ಇಬ್ಬರೂ ಕುಡಿದು ಕಂಚಿಯ ಬೀದಿಯಲ್ಲಿ ತೂರಾಡುತ್ತಾರೆ. ಅಮಲಿನಲ್ಲಿ ಅವನು ಅವಳ ಹೆಸರನ್ನು ತಿರುವುಮುರುವು ಮಾಡಿ ಕರೆಯುತ್ತಾನೆ. 'ಯಾರವಳು?' ಅಂತ ಅವಳು ಹಿಡಿದುಕೊಳ್ಳುತ್ತಾಳೆ. ಆಮೇಲೆ ಅವನ ಭಿಕ್ಷೆಯ ಕಪಾಲ, ಅಂದರೆ ಆ ಬುರುಡೆ, ಕಾಣೆ. ಒಬ್ಬ ಬೌದ್ಧ ಭಿಕ್ಷುವಿನ ಮೇಲೆ ಅನುಮಾನ, ಜಗಳ. ಕೊನೆಗೆ ನೋಡಿದರೆ ನಾಯಿ ಕಚ್ಚಿಕೊಂಡು ಹೋಗಿರುತ್ತೆ, ಒಬ್ಬ ಹುಚ್ಚ ಅದನ್ನು ನಾಯಿಯಿಂದ ಕಿತ್ತುಕೊಂಡಿರುತ್ತಾನೆ.

ಆದರೆ ಒಳಗಿನ ಕೆಲಸ ನೋಡು. ಹೆಂಡದಂಗಡಿ ಕಂಡ ಕೂಡಲೇ ಕಾಪಾಲಿಕ ಅದನ್ನು ಯಾಗಶಾಲೆಗೆ ಹೋಲಿಸುತ್ತಾನೆ. ಅಂಗಡಿಯ ಬಾವುಟದ ಕಂಬ ಯಾಗದ ಪಶು ಕಟ್ಟುವ ಯೂಪಸ್ತಂಭ, ಹೆಂಡವೇ ಸೋಮರಸ, ಕುಡುಕರೇ ಪುರೋಹಿತರು, ಅಂಗಡಿಯವನೇ ಯಾಗ ಮಾಡಿಸುವ ಯಜಮಾನ. ಒಂದೊಂದೂ ಸರಿಯಾಗಿ ಕೂರುತ್ತೆ, ಅಲ್ವಾ? ಯಾಗದ ವಿಧಿ ಚೆನ್ನಾಗಿ ಗೊತ್ತಿದ್ದವನು ಮಾತ್ರ ಇದನ್ನು ಬರೆಯಬಲ್ಲ. ಆ ಭಿಕ್ಷುವಿನ ಮಾತು ಇನ್ನೂ ಚೆನ್ನ. ಒಳ್ಳೆ ಊಟ, ಒಳ್ಳೆ ಹಾಸಿಗೆ ಎಲ್ಲ ಅನುಗ್ರಹಿಸಿದ ಕರುಣಾಳು ಬುದ್ಧ ಹೆಣ್ಣು, ಹೆಂಡ ಮಾತ್ರ ಬೇಡ ಅಂದಿರೋದು ಸಾಧ್ಯವೇ ಇಲ್ಲ. ಹೊಟ್ಟೆಕಿಚ್ಚಿನ ಮುದುಕ ಭಿಕ್ಷುಗಳು ಆ ಸೂತ್ರ ತೆಗೆದುಹಾಕಿದ್ದಾರೆ, ಕೈಯಾಡಿಸದ ಮೂಲ ಪಾಠ ಎಲ್ಲಿ ಸಿಕ್ಕೀತೋ ಅಂತ ಅವನ ಚಿಂತೆ. ಇದರಲ್ಲಿ ಒಂದೂ ಹೊಲಸು ಮಾತಿಲ್ಲ. ಆದರೂ ಪೋಲಿತನ ಒಳಗಿಂದ ಉಕ್ಕುತ್ತೆ. ಯಾಕೆಂದರೆ ಆ ಭಿಕ್ಷು ಮನಸಾರೆ ಮಾತಾಡುತ್ತಿದ್ದಾನೆ. ಅವನಿಗೆ ಇದು ನಗೆಯ ವಿಷಯವೇ ಅಲ್ಲ.

ನಿನಗೆ ಮುಖ್ಯವಾಗಿ ಹೇಳಬೇಕಾದ್ದು ಇನ್ನೊಂದು ಮಾತು. ಕಪಾಲದ ಜಗಳ ನ್ಯಾಯಾಲಯಕ್ಕೆ ಹೋಗಲಿ ಅಂದಾಗ ಆ ಹೆಂಗಸು ಅಂತಾಳೆ: ಹಾಗಾದರೆ ಕಪಾಲಕ್ಕೊಂದು ನಮಸ್ಕಾರ, ಈ ಭಿಕ್ಷುವಿನ ವಿಹಾರದಲ್ಲಿ ದುಡ್ಡಿದೆ, ಅಧಿಕಾರಿಗಳ ಬಾಯಿ ತುಂಬಿಸುತ್ತಾನೆ. ಆ ನ್ಯಾಯಾಲಯ ಯಾರದು? ನಾಟಕ ಬರೆದ ದೊರೆಯದೇ! ಊರೂ ಅವನದೇ ಕಂಚಿ. ತನ್ನ ಅಧಿಕಾರಿಗಳು ಲಂಚ ತಿನ್ನುತ್ತಾರೆ ಅನ್ನೋ ಮಾತನ್ನು ರಾಜ ಒಬ್ಬ ಕುಡುಕಿಯ ಬಾಯಲ್ಲಿ ಇಟ್ಟ. ನಿನ್ನ ದೊರೆ ಇಂಥದ್ದು ಬರೆಯುತ್ತಾನಾ? ಬರೆದ ದಿನ ಅವನ ದಿವಾನನ ಮುಖ ಹೇಗಿರುತ್ತೆ? ಅಲ್ಲಿ ನಿನಗೊಂದು ಅಧ್ಯಾಯ ಸಿಗುತ್ತೆ.

ಅದೇ ಕಂಚಿಯನ್ನು ನಮ್ಮ ಕಡೆಯಿಂದಲೂ ನೋಡು. ಇಮ್ಮಡಿ ಪುಲಕೇಶಿಯ ದಂಡು ಅಲ್ಲಿಯ ತನಕ ಹೋಗಿತ್ತು. ಅವನ ಸೈನ್ಯ ಎಬ್ಬಿಸಿದ ಧೂಳು ಪಲ್ಲವರ ದೊರೆಯ ತೇಜಸ್ಸನ್ನು ಮುಚ್ಚಿತು, ಅವನು ಕಂಚಿಯ ಕೋಟೆಯೊಳಗೆ ಅಡಗಿದ ಅಂತ 634ರ ಐಹೊಳೆ ಶಾಸನದಲ್ಲಿ ಪುಲಕೇಶಿಯ ಕವಿ ರವಿಕೀರ್ತಿ ಬರೆದ. ಆ ದೊರೆ ಮಹೇಂದ್ರವರ್ಮನೇ ಅನ್ನೋದು ಸಾಮಾನ್ಯ ಅಭಿಪ್ರಾಯ. ನನಗಂತೂ ಆ ಎರಡನ್ನೂ ಬಿಡಿಸಿ ನೋಡೋಕೆ ಆಗೋದಿಲ್ಲ. ಕೋಟೆಯ ಹೊರಗೆ ಚಾಲುಕ್ಯರ ಧೂಳು, ಒಳಗೆ ಬೀದಿಯಲ್ಲಿ ಕಪಾಲ ಹುಡುಕುವ ಕುಡುಕರು. ನಿನ್ನ ದೊರೆಗೆ ಶತ್ರುವೂ ಇಲ್ಲ, ಸಾಲವೂ ಇಲ್ಲ, ಭಯವೂ ಇಲ್ಲ. ಸುಮ್ನೆ ಪೋಲಿ. ಅದು ಸಾಲದು.

ತಂಜಾವೂರಿನ ಶಾಹಜಿಯ ಬಗ್ಗೆಯೂ ಓದಿಕೋ. 1684ರಿಂದ 1712ರವರೆಗೆ ಆಳಿದ ಮರಾಠಾ ರಾಜ. ಅವನ ತಂದೆ ಏಕೋಜಿಯ ಹೆಸರು ನಮ್ಮ ಬೆಂಗಳೂರಿನ ಚರಿತ್ರೆಯಲ್ಲೂ ಬರುತ್ತೆ. ಶಾಹಜಿ ತೆಲುಗಿನಲ್ಲಿ 'ಸತೀದಾನಶೂರಮು' ಅನ್ನೋ ನಾಟಕ ಬರೆದ. ಒಬ್ಬ ಬ್ರಾಹ್ಮಣ, ಮುಟ್ಟಬಾರದವಳು ಅಂತ ಊರು ದೂರ ಇಟ್ಟ ಹೆಣ್ಣಿಗೆ ಮರುಳಾಗುತ್ತಾನೆ. ಶಿಷ್ಯನೇ ಗುರುವಿಗೆ ಬುದ್ಧಿ ಹೇಳಬೇಕಾಗುತ್ತೆ. ಅದನ್ನು ಓದುವಾಗ ಒಂದು ಪ್ರಶ್ನೆ ಕೈಯಲ್ಲಿಟ್ಟುಕೋ: ನಗೆ ಯಾರ ಮೇಲೆ ಬೀಳ್ತಿದೆ, ಆ ಬ್ರಾಹ್ಮಣನ ಮೇಲಾ, ಆ ಹೆಂಗಸಿನ ಮೇಲಾ? ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ.

ಇಪ್ಪತ್ತಾರನೇ ವಯಸ್ಸಿನಲ್ಲಿ ನಾನೊಂದು ನಗೆನಾಟಕ ಬರೆದೆ. ಅದರಲ್ಲಿ ಒಬ್ಬ ಜಮೀನ್ದಾರ, ಒಬ್ಬಳು ಮನೆಗೆಲಸದವಳು. ಜಮೀನ್ದಾರ ಎರಡರ್ಥದ ಮಾತಾಡುತ್ತಾನೆ, ಅವಳು ಸೆರಗು ಬಾಯಿಗೆ ಹಿಡಿದು ನಗುತ್ತಾಳೆ ಅಂತ ಬರೆದಿದ್ದೆ. ತಾಲೀಮಿನ ಮೂರನೇ ದಿನ ಆ ಮನೆಗೆಲಸದವಳ ಪಾತ್ರದವರು ನನ್ನ ಹತ್ತಿರ ಬಂದರು. ನಲವತ್ತು ದಾಟಿದವರು, ನಾಟಕ ಕಂಪನಿಯಲ್ಲಿ ಬೆಳೆದವರು. ಕೈಯಲ್ಲಿ ನನ್ನ ಮಾತಿನ ಹಾಳೆ, ಆ ಸಾಲಿನ ಕೆಳಗೆ ಉಗುರಿನಿಂದ ಗೀರಿದ ಗುರುತು. ಮೆಲ್ಲಗೆ ಕೇಳಿದರು: "ಅಕ್ಕಾವ್ರೇ, ಇಲ್ಲಿ ನಾನೂ ನಗಬೇಕೇನ್ರಿ?"

ನನ್ನಿಂದ ಉತ್ತರ ಬರಲಿಲ್ಲ. ಅವಳು ಯಾಕೆ ನಗುತ್ತಾಳೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ನನಗೆ ನಗು ಬೇಕಿತ್ತು, ಅವಳ ಬಾಯಲ್ಲಿ ಇಟ್ಟುಬಿಟ್ಟೆ. ಅವತ್ತು ರಾತ್ರಿ ಆ ದೃಶ್ಯ ಪೂರ್ತಿ ತಿದ್ದಿದೆ. ಜಮೀನ್ದಾರ ಎರಡರ್ಥದ ಮಾತಾಡಿದಾಗೆಲ್ಲ ಅವಳು ಒಂದೇ ಅರ್ಥ ಹಿಡಿದು ಉತ್ತರ ಕೊಡುತ್ತಾಳೆ. ಬೆವರು ಬರೋದು ಅವನಿಗೆ. ಸಭೆ ಮೊದಲಿಗಿಂತ ಜಾಸ್ತಿ ನಕ್ಕಿತು, ಅವರೂ ರಂಗದ ಮೇಲೆ ಮೈಬಿಚ್ಚಿ ಆಡಿದರು. ಈ ವಿಷಯದಲ್ಲಿ ಅವರೇ ನನ್ನ ಗುರು.

ನಿನ್ನ ನಾಲ್ಕನೇ ಅಧ್ಯಾಯದಲ್ಲಿ ದೊರೆಯ ನಾಟಕಕ್ಕೆ ಅಡುಗೆಮನೆಯ ಹುಡುಗಿಯೊಬ್ಬಳು ವೇಷ ಕಟ್ಟುತ್ತಾಳೆ. ಒಂದೇ ಸಾಲಿನಲ್ಲಿ ಬಂದು ಹೋಗುತ್ತಾಳೆ. ಅವಳನ್ನು ಬಿಡಬೇಡ. ದೊರೆ ಕೊಟ್ಟ ಮಾತನ್ನು ಅವಳು ಬಾಯಿಪಾಠ ಮಾಡಬೇಕು. ನಾಳೆ ಅದೇ ಜನರಿಗೆ ಅನ್ನ ಬಡಿಸಬೇಕು. 'ಬೇಡ' ಅನ್ನೋ ಹಾಗಿಲ್ಲ. ಪೋಲಿ ನಾಟಕ ಬರೆಯುವ ದೊರೆಯ ಕಥೆಯಲ್ಲಿ ಇವಳಷ್ಟು ಮುಖ್ಯವಾದವರು ಇನ್ನಾರೂ ಇಲ್ಲ ಅಂತ ನನಗೆ ಅನ್ನಿಸುತ್ತೆ.

ಭಾಷೆಯ ಬಗ್ಗೆ ಒಂದೇ ಮಾತು. ಪೋಲಿ ಮಾತಿಗೆ ಪರದೇಶದ ಧಾಟಿ ತರಬೇಡ. ನಮ್ಮ ಹೋಳಿ ಹಾಡಿದೆ, ಸಣ್ಣಾಟ ಇದೆ, ಯಕ್ಷಗಾನದ ಹಾಸ್ಯಗಾರ ಇದ್ದಾನೆ. ಒಳ್ಳೆ ಹಾಸ್ಯಗಾರ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಭಾಗವತರ ಮುಖ ನೋಡುತ್ತಾನೆ. ಉಳಿದರ್ಧ ಸಭೆಯ ತಲೆಯೊಳಗೆ ಪೂರ್ತಿಯಾಗುತ್ತೆ. ರಾತ್ರಿ ಆಟಕ್ಕೆ ಹೋಗಿ ಕೂತು ಆ ನಿಲುಗಡೆ ಕೇಳಿಸಿಕೋ.

ಏಳನೇ ಅಧ್ಯಾಯ ಸದ್ಯಕ್ಕೆ ಬೇಡ. ದೊರೆಯ ನಾಟಕದ ಒಂದು ದೃಶ್ಯ ಬರೆದು ಕಳಿಸು, ನಾಲ್ಕು ಪುಟ ಸಾಕು. ಆ ಹುಡುಗಿಯ ಮಾತು ದಪ್ಪ ಅಕ್ಷರದಲ್ಲಿರಲಿ. ಮೊದಲು ಅದನ್ನು ಗಟ್ಟಿಯಾಗಿ ಓದಿ ನೋಡುತ್ತೇನೆ.

ನಿನ್ನ ಅಕ್ಕ