ಮಗಳಿಗೊಂದು ಪತ್ರ: ಕೈಕಾಲು ದಿಢೀರನೆ ಸೋತರೆ

ಪ್ರೀತಿಯ ಮಗಳೇ,

ತೋಟದ ಮನೆಯಲ್ಲಿ ಈಗ ಅಜ್ಜಿ, ತಾತನ ಜೊತೆ ಇರುವ ಗಟ್ಟಿ ಆಳು ನೀನೊಬ್ಬಳೇ. ಹೊತ್ತಲ್ಲದ ಹೊತ್ತಿನಲ್ಲಿ ಯಾರಿಗಾದರೂ ಕೈಕಾಲು ಸೋತರೆ ತೀರ್ಮಾನ ನಿನ್ನದೇ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಸುಸ್ತು ಅಂದವರನ್ನೆಲ್ಲ ಆಸ್ಪತ್ರೆಗೆ ಹೊರಡಿಸಬೇಡ. ಜ್ವರದ ಸುಸ್ತಿನಲ್ಲಿ ಏಳಲು ಬೇಜಾರು, ಎಬ್ಬಿಸಿದರೆ ಏಳುತ್ತಾರೆ. ಲೋಟ ಕೈಯಿಂದ ಜಾರುವುದು, ಚಪ್ಪಲಿ ಗೊತ್ತಾಗದೆ ಕಳಚುವುದು, ಕೈ ಊರದೆ ಕುರ್ಚಿಯಿಂದ ಏಳಲಾಗದಿರುವುದು ಹಾಗಲ್ಲ. ಅಲ್ಲಿ ಸ್ನಾಯುವಿಗೆ ಬಲವೇ ಹೋಗಿದೆ.

ಒಂದೇ ಪಕ್ಕ ಸೋತಿದ್ದರೆ ಲಕ್ವ ಅಂತಲೇ ಹಿಡಿ. ಹಲ್ಲು ತೋರಿಸಲು ಹೇಳು, ಬಾಯಿ ಒಂದು ಕಡೆ ಎಳೆಯುತ್ತದೆಯೇ ನೋಡು. ಕಣ್ಣು ಮುಚ್ಚಿಸಿ, ಅಂಗೈ ಮೇಲಾಗಿ ಎರಡೂ ಕೈ ಮುಂದೆ ಚಾಚಿಸಿ 10 ಎಣಿಸು. ಸೋತ ಕೈ ತಿರುಚಿಕೊಂಡು ಕೆಳಗಿಳಿಯುತ್ತದೆ. ಒಂದು ವಾಕ್ಯ ಹೇಳಿಸು. ಮೂರರಲ್ಲಿ ಒಂದು ತಪ್ಪಿದರೂ 108ಕ್ಕೆ ಫೋನ್ ಮಾಡು. ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಅನ್ನುವುದನ್ನು ಬರೆದುಕೋ. ರಕ್ತದ ಗಂಟು ಕರಗಿಸುವ ಇಂಜೆಕ್ಷನ್‌ನ ನಾಲ್ಕೂವರೆ ಗಂಟೆಯ ಲೆಕ್ಕ ಶುರುವಾಗುವುದೇ ಅಲ್ಲಿಂದ. ಮಲಗಿ ಎದ್ದಾಗ ಸೋತಿದ್ದರೆ ಮಲಗಿದ ಹೊತ್ತು ಹೇಳು. ಗಡುವು ಮೀರಿತೆಂದು ಮನೆಯಲ್ಲೇ ಉಳಿಯಬೇಡ. ಕೆಲವರಿಗೆ 24 ಗಂಟೆಯೊಳಗೂ ನಾಳದ ಮೂಲಕ ಗಂಟು ತೆಗೆಯಲು ಬರುತ್ತದೆ.

ಆಸ್ಪಿರಿನ್ ಕೊಡಬೇಡ. ಗಂಟಿನಿಂದ ಆಯಿತೋ ರಕ್ತಸ್ರಾವದಿಂದಲೋ ಸ್ಕ್ಯಾನ್ ಇಲ್ಲದೆ ತಿಳಿಯದು. ಬಿಪಿ ಏರಿದೆ ಎಂದು ಹೆಚ್ಚಿನ ಮಾತ್ರೆಯೂ ಬೇಡ, ಒತ್ತಡ ಸರ್ರನೆ ಇಳಿದರೆ ಮೆದುಳಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ನೀರು ಸಹ ಕುಡಿಸಬೇಡ, ಶ್ವಾಸಕೋಶಕ್ಕೆ ಇಳಿದೀತು. ಪಾರಿವಾಳದ ರಕ್ತ ಹಚ್ಚೋಣ ಅನ್ನುವ ನೆಂಟರು ಬಂದೇ ಬರುತ್ತಾರೆ. ವಾದಕ್ಕೆ ನಿಲ್ಲದೆ ಗಾಡಿ ಹತ್ತಿಸು. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋದರೂ ಅವತ್ತೇ ತೋರಿಸು, ದೊಡ್ಡ ಹೊಡೆತದ ಅಪಾಯ ಹೆಚ್ಚಿರುವುದು ಮುಂದಿನ ಎರಡು ದಿನ.

ತಾತನ ಸಕ್ಕರೆಯನ್ನು ಮೀಟರ್‌ನಲ್ಲಿ ನೋಡು. ಸಕ್ಕರೆ ಬಿದ್ದರೂ ಥೇಟ್ ಲಕ್ವದಂತೆಯೇ ಕಾಣಬಹುದು. 70ಕ್ಕಿಂತ ಕಡಿಮೆಯಿದ್ದು, ಎಚ್ಚರವಿದ್ದು, ನುಂಗಲು ಬಂದರೆ ಮಾತ್ರ ಮೂರು ಚಮಚ ಸಕ್ಕರೆ ಕದಡಿ ಕುಡಿಸು. ಮೀಟರ್ ಸಿಗದಿದ್ದರೆ ಹುಡುಕುತ್ತ ಕೂರಬೇಡ.

ಮಳೆಗಾಲದಲ್ಲಿ ನೆಲದ ಮೇಲೆ ಮಲಗಿದವರು ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಎಂದು ಎದ್ದು, ರೆಪ್ಪೆ ಎತ್ತಲಾಗದೆ, ಎರಡೆರಡು ಕಾಣುತ್ತಿದೆ ಅಂದರೆ ಗ್ಯಾಸ್ ಅಂದುಕೊಳ್ಳಬೇಡ. ಕಟ್ಟುಹಾವಿನ ಕಡಿತ ಹೀಗೇ ಇರುತ್ತದೆ. ನೋವಿಲ್ಲ, ಊತವಿಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಸಿಗದು. ರೆಪ್ಪೆಯಿಂದ ಗಂಟಲಿಗೆ, ಅಲ್ಲಿಂದ ಉಸಿರಿನ ಸ್ನಾಯುಗಳಿಗೆ ಇಳಿಯುತ್ತದೆ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. ಎಂಜಲು ನುಂಗಲಾಗದಿದ್ದರೆ ಪಕ್ಕಕ್ಕೆ ಮಲಗಿಸಿ ಒಯ್ಯಿ. ಅಲ್ಲಾಡದೆ, ಕಣ್ಣು ತೆರೆಯದೆ ಬಿದ್ದಿದ್ದರೂ ಅವರಿಗೆ ನಿನ್ನ ಮಾತೆಲ್ಲ ಕೇಳುತ್ತಿರಬಹುದು. ಹೊತ್ತಿಗೆ ಸರಿಯಾಗಿ ವಿಷಕ್ಕೆ ಔಷಧ, ವೆಂಟಿಲೇಟರ್ ಸಿಕ್ಕವರು ಪೂರ್ತಿ ಚೇತರಿಸಿಕೊಳ್ಳಬಲ್ಲರು.

ಭೇದಿಯೋ ಜ್ವರವೋ ಬಂದು ಒಂದೆರಡು ವಾರಕ್ಕೆ ಪಾದ ಜುಮುಗುಟ್ಟಿ, ಕಾಲಿನಿಂದ ಕೈಗೆ ಸೋಲು ಏರುತ್ತಿದ್ದರೆ ಅದು ಗಿಲ್ಲನ್-ಬಾರಿ ಇರಬಹುದು, ಅಂದರೆ ಮೈಯ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ತಿರುಗಿಬೀಳುವ ಕಾಯಿಲೆ. 2025ರ ಜನವರಿಯಲ್ಲಿ ಪುಣೆಯಲ್ಲಿ ಒಟ್ಟೊಟ್ಟಿಗೆ ಹಲವರಿಗೆ ಬಂತಲ್ಲ, ಅದೇ. ಇಂಥವರು ಒಂದೇ ಉಸಿರಿನಲ್ಲಿ 20ರ ತನಕ ಎಣಿಸಲಾರರು ಅಂದರೆ ಐಸಿಯು ಬೇಕೇಬೇಕು.

ವಯಸ್ಸಿನ ಹುಡುಗರು ರಾತ್ರಿ ಮದುವೆ ಊಟ ಜಡಿದು ಮಲಗಿ, ಬೆಳಿಗ್ಗೆ ಕಾಲೇ ಎತ್ತಲಾಗುತ್ತಿಲ್ಲ ಅಂದರೆ ಪೊಟ್ಯಾಸಿಯಂ ಕುಸಿದಿರಬಹುದು. ರಕ್ತದಲ್ಲಿ ಈ ಲವಣ ಇರಬೇಕಾದದ್ದು ಲೀಟರಿಗೆ 3.5ರಿಂದ 5 ಮಿಲಿಮೋಲ್. ಇಸಿಜಿ, ರಕ್ತಪರೀಕ್ಷೆ ಅವತ್ತೇ ಆಗಬೇಕು, ಮುಂದೆ ಥೈರಾಯ್ಡ್ ಕೂಡ ನೋಡಿಸಬೇಕು. ಸುಸ್ತಿಗೆಂದು ಗ್ಲೂಕೋಸ್ ಡ್ರಿಪ್ ಹಾಕಿಸಿದರೆ ಇನ್ನಷ್ಟು ಕುಸಿಯುತ್ತದೆ, ಯಾಕೆಂದರೆ ಸಕ್ಕರೆಯೊಂದಿಗೆ ಏರುವ ಇನ್ಸುಲಿನ್ ಪೊಟ್ಯಾಸಿಯಂ ಅನ್ನು ಜೀವಕೋಶದೊಳಕ್ಕೆ ತಳ್ಳುತ್ತದೆ. ಹಾಗಂತ ಎಳನೀರು ಕುಡಿಸಿ ಮನೆಮದ್ದು ಮಾಡಬೇಡ. ಕಿಡ್ನಿ ಕೆಟ್ಟವರಲ್ಲಿ ಪೊಟ್ಯಾಸಿಯಂ ಏರಿಯೂ ಕಾಲು ಸೋಲುತ್ತದೆ. ಅಂಥವರಿಗೆ ಎಳನೀರು ಹೃದಯವನ್ನೇ ನಿಲ್ಲಿಸೀತು.

ಬೆನ್ನುನೋವಿನ ಜೊತೆ ಎರಡೂ ಕಾಲು ಸೋತು, ಮೂತ್ರ ಕಟ್ಟಿದರೆ ಬೆನ್ನುಹುರಿ ಒತ್ತಿಕೊಂಡಿದೆ ಅಂತ ತಿಳಿ. ಬೆಳಗಾಗಲಿ ಅನ್ನಬೇಡ.

ಹೊರಡುವಾಗ ಮಾತ್ರೆಯ ಚೀಟಿಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿಕೋ. ಅದಕ್ಕೂ ಮೊದಲು, ನಾಳೆಯೇ, ತಾಲ್ಲೂಕು ಆಸ್ಪತ್ರೆಗೂ ಜಿಲ್ಲಾ ಆಸ್ಪತ್ರೆಗೂ ಫೋನ್ ಮಾಡಿ ಮೂರು ವಿಷಯ ಕೇಳಿಟ್ಟುಕೋ: ರಾತ್ರಿಯೂ ಸಿಟಿ ಸ್ಕ್ಯಾನ್ ಆಗುತ್ತದೆಯೇ, ವೆಂಟಿಲೇಟರ್ ಇದೆಯೇ, ಹಾವಿನ ವಿಷಕ್ಕೆ ಔಷಧ ದಾಸ್ತಾನು ಎಷ್ಟಿದೆ. ಉತ್ತರ ಬಂದಮೇಲೆ ನನಗೂ ಒಂದು ಮೆಸೇಜ್ ಹಾಕು.

ಇಂತಿ,
ನಿನ್ನ ಅಮ್ಮ