ಮಗಳಿಗೊಂದು ಪತ್ರ: ದೋಣಿಯ ವೀಕ್ಷಕನಿಗೆ ಸಂಬಳ ಯಾರದು?

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಅಮೆರಿಕದ ಸುಪ್ರೀಂ ಕೋರ್ಟು ಶೆವ್ರಾನ್ ಸಿದ್ಧಾಂತವನ್ನು, ಅಂದರೆ ಅಸ್ಪಷ್ಟ ಕಾಯ್ದೆಗೆ ಸರ್ಕಾರಿ ಇಲಾಖೆ ಕೊಡುವ ಅರ್ಥಕ್ಕೆ ನ್ಯಾಯಾಲಯ ಮಣಿಯಬೇಕೆಂಬ ನಿಯಮವನ್ನು, ಕೈಬಿಟ್ಟದ್ದು ಸರಿಯೇ ಎಂದು ಕೇಳಿದ್ದೀಯೆ. ವಕೀಲಿಕೆಯ ಹಳೆಯ ಅಭ್ಯಾಸ ನೋಡು, ಸಿದ್ಧಾಂತಕ್ಕಿಂತ ಮೊದಲು ಮೊಕದ್ದಮೆಯ ಸಂಗತಿಗಳನ್ನೇ ಓದಿದೆ.

ನ್ಯೂಜೆರ್ಸಿಯ ಹೆರಿಂಗ್ ಮೀನುಗಾರರು ತಮ್ಮ ದೋಣಿಯಲ್ಲಿ, ಹಿಡಿದ ಮೀನಿನ ಲೆಕ್ಕವಿಡುವ ವೀಕ್ಷಕನೊಬ್ಬನನ್ನು ಕೂರಿಸಿಕೊಳ್ಳಬೇಕೆಂದು ಆದೇಶಿಸುವ ಅಧಿಕಾರ ಅಲ್ಲಿನ ಮೀನುಗಾರಿಕೆ ಇಲಾಖೆಗಿದೆ. ಆದರೆ ಅವನ ಸಂಬಳವನ್ನು ಅವರೇ ಕೊಡಬೇಕೋ ಬೇಡವೋ ಎಂಬುದನ್ನು ಕಾಯ್ದೆ ಬಿಡಿಸಿ ಹೇಳಿಲ್ಲ. ಇಲಾಖೆ 2020ರಲ್ಲಿ ದೋಣಿಯವರೇ ಕೊಡಲಿ ಎಂದು ನಿಯಮ ಮಾಡಿತು. ದಿನಕ್ಕೆ 710 ಡಾಲರ್‌ವರೆಗೆ, ಅಂದರೆ ವರ್ಷದ ಗಳಿಕೆಯಲ್ಲಿ ಶೇ. 20ರವರೆಗೂ ಖೋತಾ ಬೀಳಬಹುದಾದ ಖರ್ಚು ಅದು. ತನ್ನ ಬಲೆಯನ್ನೇ ಲೆಕ್ಕ ಹಾಕಲು ಬಂದವನಿಗೆ ತಾನೇ ಕೂಲಿ ಕೊಡಬೇಕಾದವನ ಸಿಟ್ಟು ನನಗೆ ಅರ್ಥವಾಗುತ್ತದೆ.

ಕಾಯ್ದೆ ಅಸ್ಪಷ್ಟವಾಗಿದ್ದಲ್ಲಿ ಇಲಾಖೆ ಹೇಳುವ ಅರ್ಥ ಸಮಂಜಸವಾಗಿದ್ದರೆ ನ್ಯಾಯಾಲಯ ಅದನ್ನೇ ಒಪ್ಪಬೇಕೆಂದು 1984ರಲ್ಲಿ ಅದೇ ಸುಪ್ರೀಂ ಕೋರ್ಟು ಶೆವ್ರಾನ್ ಮೊಕದ್ದಮೆಯಲ್ಲಿ ಹೇಳಿದ್ದ ಮಾತನ್ನು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ 2024ರ ಜೂನ್ 28ರಂದು ಅಳಿಸಿದರು. ಅರ್ಥ ನಿರ್ಣಯಿಸುವುದು ನ್ಯಾಯಾಧೀಶರದೇ ಕೆಲಸವೆಂಬುದಕ್ಕೆ ಅವರು 1946ರ ಆಡಳಿತ ಕಾರ್ಯವಿಧಾನ ಕಾಯ್ದೆಯನ್ನು ಆಧಾರವಾಗಿ ಹಿಡಿದರು. ಇದನ್ನು ಕೇವಲ ಬಲಪಂಥದ ಗೆಲುವೆಂದು ನೀನು ಬರೆದದ್ದು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. 1984ರಲ್ಲಿ ಆ ಸಿದ್ಧಾಂತದಿಂದ ಗೆದ್ದದ್ದು ಬಲಪಂಥೀಯ ಅಧ್ಯಕ್ಷ ರೇಗನ್ ಅವರ ಸರ್ಕಾರ, ಸೋತವರು ಪರಿಸರವಾದಿಗಳು. ಆ ವಿವಾದದ ವಾಯುಮಾಲಿನ್ಯ ನಿಯಮವನ್ನು ಸಡಿಲಿಸಿದಾಗ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆಯ ಮುಖ್ಯಸ್ಥೆಯಾಗಿದ್ದವರು ಆ್ಯನ್ ಗೋರ್ಸಚ್. 2024ರಲ್ಲಿ ಬಹುಮತದ ಜೊತೆಗೆ ಪ್ರತ್ಯೇಕ ತೀರ್ಪು ಬರೆದು ಆ ಸಿದ್ಧಾಂತಕ್ಕೆ ಮಣ್ಣು ಹಾಕಿದ ನ್ಯಾಯಮೂರ್ತಿ ನೀಲ್ ಗೋರ್ಸಚ್ ಆಕೆಯ ಮಗ!

ಆದರೂ ನ್ಯಾಯಮೂರ್ತಿ ಕೇಗನ್ ಅವರ ಭಿನ್ನಮತವನ್ನು ನಿಧಾನವಾಗಿ ಓದು. ವಾಷಿಂಗ್ಟನ್ ರಾಜ್ಯದ ಬೂದು ಅಳಿಲುಗಳು ಅಳಿವಿನಂಚಿನ ಜೀವಿಗಳ ಕಾಯ್ದೆ ಹೇಳುವ 'ಪ್ರತ್ಯೇಕ ಸಮೂಹ'ವಾಗುತ್ತವೆಯೇ ಎಂಬಂಥ ಪ್ರಶ್ನೆಗಳನ್ನು ಅವರು ಮುಂದಿಡುತ್ತಾರೆ. ಸಂಬಳದ ಪ್ರಶ್ನೆಯನ್ನು ಕಾಯ್ದೆಯ ಪುಟ ಬಿಚ್ಚಿಟ್ಟುಕೊಂಡು ಯಾವ ನ್ಯಾಯಾಧೀಶನಾದರೂ ತೀರ್ಮಾನಿಸಬಲ್ಲ, ಅಳಿಲಿನದನ್ನು ಕಾಡು ಸುತ್ತಿದವರ ಮಾತು ಕೇಳದೆ ತೀರ್ಮಾನಿಸಲಾರ. ತಜ್ಞರ ಅಭಿಪ್ರಾಯಕ್ಕೆ ಗೌರವ ಕೊಡಬಹುದೆಂದು ರಾಬರ್ಟ್ಸ್ ಹೇಳಿದ್ದಾರೆ, ನಿಜ. ಕೊಡಲೇಬೇಕೆಂದಿಲ್ಲ. ಸುಲಭದ ಪ್ರಕರಣವೊಂದನ್ನು ಮುಂದಿಟ್ಟುಕೊಂಡು ಕಷ್ಟದವುಗಳಿಗೂ ಅದೇ ಅಳತೆಗೋಲು ಕೊಟ್ಟರೆಂಬುದು ನನ್ನ ತಕರಾರು.

ಅಂದಹಾಗೆ, ಇಷ್ಟು ದೊಡ್ಡ ತೀರ್ಪಿನಲ್ಲಿ ಆ ವೀಕ್ಷಕನ ಸಂಬಳ ಯಾರು ಕೊಡಬೇಕೆಂಬುದು ಮಾತ್ರ ಇತ್ಯರ್ಥವಾಗಲಿಲ್ಲ. ಅದನ್ನು ಕೆಳಗಿನ ನ್ಯಾಯಾಲಯಗಳಿಗೇ ಮರಳಿಸಿದರು.

ಇಂತಿ,
ನಿನ್ನ ಅಪ್ಪ